ಸಣ್ಣ ಹಿಡುವಳಿಗೆ ಹೊಸ ಬೇಸಾಯಕ್ರಮ: ಪಶ್ಚಿಮ ಕೀನ್ಯಾದ ಎತ್ತರದ ಸೀಮೆಯಲ್ಲಿ ನಡೆದ ಪರೀಕ್ಷೆಗಳು

ಹೊಸದಾದ ಬೇಸಾಯಕ್ರಮವೊಂದನ್ನು ಗ್ರಾಮದಲ್ಲಿ ಬಳಕೆಗೆ ತರಬೇಕೆನ್ನುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಎಕರೆಗೆ ಎಷ್ಟು ಹೆಚ್ಚು ಹುಟ್ಟುವಳಿಯಾಗುವುದು? ಈ ಪ್ರಶ್ನೆಯು ಅವಶ್ಯವಾದದ್ದೇ ಸರಿ. ಆದರೆ ಇದೊಂದನ್ನೇ ಆಧಾರವಾಗಿಟ್ಟುಕೊಂಡು ತೀರ್ಮಾನಿಸಿದಲ್ಲಿ ಮೋಸಹೋಗುವ ಸಂಭವವುಂಟು. ಪೂರ್ವ ಆಫ್ರಿಕಾದ ಕೀನ್ಯಾ ದೇಶದ ಪಶ್ಚಿಮಭಾಗದಲ್ಲಿ ೧೯೯೦ರ ದಶಕದಿಂದೀಚೆಗೆ ರೈತರ ಹೊಲಗಳಲ್ಲಿಯೇ ಪರೀಕ್ಷೆಗೊಳಗಾದ ಮೂರು ಕ್ರಮಗಳ ಗತಿಯನ್ನು ನೋಡಿದರೆ ಇದು ಸ್ಪಷ್ಟಪಡುವುದು.

ವಿಹಿಗಾ, ಕಾಕಮೆಗಾ ಮೊದಲಾದ ಈ ಸೀಮೆಗಳು ಸಮುದ್ರಮಟ್ಟದಿಂದ ಸುಮಾರು ೧,೩೦೦ ರಿಂದ ೧,೮೦೦ ಮೀಟರ್ ಎತ್ತರದಲ್ಲಿವೆ. ಮಾರ್ಚಿಯಲ್ಲಿ ಆರಂಭವಾಗುವ ದೊಡ್ಡ ಮಳೆ, ಸೆಪ್ಟೆಂಬರಿನ ಸುಮಾರಿಗೆ ಬರುವ ಸಣ್ಣ ಮಳೆ, ಹೀಗೆ ವರ್ಷಕ್ಕೆ ಎರಡು ಕಾಲ. ಮುಸುಕಿನ ಜೋಳವೂ ಅದರೊಡನೆ ಬಿತ್ತುವ ಹುರುಳಿಕಾಯಿಯ ಕಾಳೂ ಮುಖ್ಯ ಬೆಳೆಗಳು. ವಿಹಿಗಾದಲ್ಲಿ ಚದರ ಕಿಲೋಮೀಟರಿಗೆ ಸುಮಾರು ೧,೦೦೦ ಮಂದಿ ಜನರಿರುವುದರಿಂದ ಪೂರ್ಣ ಎರಡು ಎಕರೆಯೂ ಇಲ್ಲದ ಕುಟುಂಬಗಳೇ ಬಹಳ. ಭೂಮಿಯಲ್ಲಿ ಸಾರಜನಕವೂ ರಂಜಕವೂ ಕಡಮೆ. ಇದ್ದ ರಂಜಕವನ್ನು ಕೆಂಪು ಮಣ್ಣು ಬಿಗಿದಿಟ್ಟುಕೊಂಡು ಪೈರಿಗೆ ಕೊಡುವುದಿಲ್ಲ. ಇದರ ಮೇಲೆ ಸ್ಟ್ರೈಗಾ ಎಂಬ ಕಳೆಯ ಉಪದ್ರವ. ಇದು ಪೈರಿನ ಬೇರಿಗೆ ತನ್ನ ಬೇರನ್ನು ಕಚ್ಚಿ ರಸವನ್ನು ಹೀರುವುದು. ನಮ್ಮ ಜೋಳದ ಹೊಲಗಳಲ್ಲಿ ಬಿಳಿಯ ಹೂ ಬಿಡುವ ಇದರ ಬಳಗದ ಕಳೆಯನ್ನು ಕಂಡವರಿಗೆ ಹೆಚ್ಚು ವಿವರಣೆ ಬೇಕಿಲ್ಲ. ಒಂದೊಂದು ಗಿಡವು ಹತ್ತಾರು ಸಾವಿರ ಸಣ್ಣ ಬೀಜಗಳನ್ನು ಉದುರಿಸುವುದು. ಅವು ಹತ್ತು ವರ್ಷಕ್ಕೂ ಮೀರಿ ಮಣ್ಣಿನಲ್ಲಿ ಜೀವದಿಂದಿರಬಲ್ಲವು.

ಮೊದಲನೆಯ ಕ್ರಮವು ಜೀನಂಗಿಯಂತಹ ದ್ವಿದಳ ಗಿಡಗಳನ್ನು ಬೆಳೆದು ಭೂಮಿಗೆ ಒಂದು ಕಾಲ ವಿಶ್ರಾಂತಿ ಕೊಡುವುದು. ನೈರೋಬಿಯಲ್ಲಿರುವ ಅಂತರರಾಷ್ಟ್ರೀಯ ಕೃಷಿ ಅರಣ್ಯ ಸಂಶೋಧನಾ ಸಂಸ್ಥೆಯವರು ಇದನ್ನು ಪ್ರಚಾರಕ್ಕೆ ತಂದರು. ಜೀನಂಗಿಯ ಬೇರು ಕೆಳಪದರಕ್ಕೆ ಇಳಿದುಹೋದ ಸಾರಜನಕವನ್ನು ಮೇಲಕ್ಕೆ ತರುವುದು; ಕಡಿದಾಗ ಸೌದೆಯೂ ದೊರೆಯುವುದು. ಮುಂದಿನ ಮುಸುಕಿನ ಜೋಳವು ಚೆನ್ನಾಗಿಯೇ ಬಂದಿತು. ಆದರೆ ಅರ್ಧ ಎಕರೆಯವನು ಸಣ್ಣ ಮಳೆಯ ಬೆಳೆಯನ್ನು ಬಿಟ್ಟುಕೊಟ್ಟು ಏನನ್ನು ಉಣ್ಣಬೇಕು? ಮತ್ತೊಂದು ಸಂಗತಿಯೂ ಉಂಟು. ಯೋಜನೆಗಳವರು ಬೀಜವನ್ನು ಕ್ರಯಕ್ಕೆ ಕೊಳ್ಳುತ್ತಿದ್ದುದರಿಂದ ಕೆಲವರು ಬೀಜ ಮಾರುವುದಕ್ಕಾಗಿಯೇ ಗಿಡವನ್ನು ಬೆಳೆದರು. ಕೊಳ್ಳುವವರು ನಿಂತೊಡನೆ ಗಿಡವೂ ಮಾಯವಾಯಿತು. ಯೋಜನೆ ನಡೆಯುತ್ತಿದ್ದ ಕಾಲದ ಪಟ್ಟಿಯಲ್ಲಿ ಇವರೆಲ್ಲರೂ ಹೊಸ ಕ್ರಮವನ್ನು ಅಂಗೀಕರಿಸಿದವರೆಂದೇ ಲೆಕ್ಕಕ್ಕೆ ಬಂದಿದ್ದರೆಂಬುದನ್ನು ಗಮನಿಸತಕ್ಕದ್ದು.

ಎರಡನೆಯದು ಕಾಡುಸೂರ್ಯಕಾಂತಿಯ, ಎಂದರೆ ಟಿಥೋನಿಯಾದ, ಹಸಿರೆಲೆಗೊಬ್ಬರ. ಅಲ್ಲಿಯ ಬೇಲಿಗಳಲ್ಲಿ ತಾನಾಗಿಯೇ ಬೆಳೆಯುವ ಈ ಗಿಡದ ಒಣಗಿದ ಎಲೆಯಲ್ಲಿ ನೂರಕ್ಕೆ ಸುಮಾರು ೩.೫ ಭಾಗ ಸಾರಜನಕವೂ ೪ ಭಾಗ ಪೊಟ್ಯಾಶೂ ಇದ್ದು, ಬೇಗ ಕೊಳೆಯುತ್ತದೆ. ದುಡ್ಡು ಕೊಡಬೇಕಾದ್ದಿಲ್ಲ. ಕಾಗದದ ಮೇಲೆ ಇದಕ್ಕಿಂತ ಮೇಲಾದ ಗೊಬ್ಬರವಿಲ್ಲ! ಆದರೆ ಎಕರೆಗೆ ಎರಡು ಟನ್ ಒಣ ತೂಕ ಹಾಕಬೇಕಾದರೆ, ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಭಾಗ ನೀರೇ ಎಂದಿಟ್ಟುಕೊಂಡಲ್ಲಿ, ಹತ್ತು ಟನ್ ಹಸಿ ಸೊಪ್ಪು ಬೇಕಾಗುವುದು. ೨೫ ಕಿಲೋ ತೂಕದ ತಲೆಹೊರೆಯಂತೆ ಇದು ೪೦೦ ಹೊರೆ. ದಿನಕ್ಕೆ ಇಪ್ಪತ್ತು ಹೊರೆ ಕೊಯ್ದು ಹೊತ್ತರೂ ಒಬ್ಬ ಆಳಿಗೆ ಇಪ್ಪತ್ತು ದಿನದ ಕೆಲಸ. ಅದೂ ಬಿತ್ತನೆಯ ಅವಸರದ ದಿನಗಳಲ್ಲಿ, ಹೆಚ್ಚಾಗಿ ಹೆಂಗಸರ ತಲೆಯ ಮೇಲೆ. ಇಷ್ಟಾದರೂ ಇದರಿಂದ ಸಲ್ಲುವ ರಂಜಕವು ಎಕರೆಗೆ ಏಳು ಕಿಲೋ ಮಾತ್ರ. ರಂಜಕದ ಕೊರತೆ ಹೆಚ್ಚಾಗಿರುವ ಭೂಮಿಗೆ ಹೊರಗಿನಿಂದ ಅದನ್ನು ಕೊಡದೆ ವಿಧಿಯಿಲ್ಲ. ಆದಕಾರಣ ಈ ಸೊಪ್ಪು ಮುಸುಕಿನ ಜೋಳಕ್ಕೆ ಗಿಟ್ಟದೆ, ಪೇಟೆಗೆ ಹೋಗುವ ಸೊಪ್ಪು ತರಕಾರಿಗಳ ಸಣ್ಣ ಮಡಿಗಳಿಗೇ ತಕ್ಕುದೆಂದು ಕಂಡುಬಂದಿತು.

ಮೂರನೆಯ ಕ್ರಮವು ವಿಶೇಷ ಗಮನಕ್ಕೆ ಅರ್ಹವಾದದ್ದು. ೧೯೭೦ರಲ್ಲಿ ಥಾಮಸ್ ಒಡಿಯಾಂಬೊ ಅವರು ನೈರೋಬಿಯಲ್ಲಿ ಸ್ಥಾಪಿಸಿದ ಕೀಟಶಾಸ್ತ್ರ ಸಂಸ್ಥೆಯವರು, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕ್ಷೇತ್ರದವರೊಡನೆ ಕೂಡಿ, ಜಿಯಾವುರ್ ಖಾನ್ ಎಂಬ ಭಾರತೀಯ ಕೀಟಶಾಸ್ತ್ರಜ್ಞರ ಮುಂದಾಳುತನದಲ್ಲಿ ಇದನ್ನು ರೂಪಿಸಿದರು. ೧೯೯೭ರ ಸುಮಾರಿಗೆ ರೈತರ ಹೊಲಗಳಲ್ಲಿ ಪರೀಕ್ಷೆ ಮೊದಲಾಯಿತು. ಅಲ್ಲಿಯ ಕಾಂಡಕೊರಕಗಳಲ್ಲಿ ಒಂದು ನಮ್ಮ ಜೋಳವನ್ನು ಕೆಡಿಸುವ ಹುಳುವೇ. ಏಷ್ಯಾದಿಂದ ಹೋಗಿ ಆ ಖಂಡದಲ್ಲಿ ನೆಲಸಿದ್ದು. ಮುಸುಕಿನ ಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಬಳ್ಳಿಯನ್ನೂ, ಹೊಲದ ಸುತ್ತಲೂ ನೇಪಿಯರ್ ಹುಲ್ಲನ್ನೂ ಬೆಳೆಸುವರು. ಬಳ್ಳಿಯ ವಾಸನೆಯಿಂದ ಚಿಟ್ಟೆಯು ದೂರ ಸರಿದು ಅಂಚಿನ ಹುಲ್ಲಿನಲ್ಲಿ ಮೊಟ್ಟೆಯಿಡುವುದು. ಹುಲ್ಲಿನ ಅಂಟುರಸದಲ್ಲಿ ಮರಿಗಳು ಬಹುಮಟ್ಟಿಗೆ ಸಾಯುವುವು. ಇನ್ನು ಬಳ್ಳಿಯ ಬೇರಿನಿಂದ ಒಸರುವ ದ್ರವ್ಯಗಳು ಸ್ಟ್ರೈಗಾ ಬೀಜವನ್ನು ಮೊಳೆಯಿಸಿ, ಮೊಳಕೆಯು ಪೈರಿನ ಬೇರನ್ನು ಹಿಡಿಯದಂತೆ ತಡೆಯುವುವು. ಹೀಗೆ ಮಣ್ಣಿನಲ್ಲಿ ಹೂತಿಟ್ಟ ಕಳೆಯ ಬೀಜದ ಗಂಟೇ ವರ್ಷದಿಂದ ವರ್ಷಕ್ಕೆ ಕರಗುವುದು. ಬಳ್ಳಿಯು ಗಾಳಿಯಿಂದ ಸಾರಜನಕವನ್ನು ಹಿಡಿದುಕೊಡುವುದಲ್ಲದೆ, ಬಳ್ಳಿ, ಹುಲ್ಲು ಎರಡೂ ಹಸುವಿಗೆ ಮೇವಾಗುವುವು.

ಈ ಕೊನೆಯ ಮಾತೇ ಮುಖ್ಯವಾದದ್ದು. ಹಸುವನ್ನು ಮನೆಯಲ್ಲಿಯೇ ಕಟ್ಟಿ ಮೇಯಿಸುವ ಕುಟುಂಬಕ್ಕೆ ಮೇವು ನಿತ್ಯವೂ ಬೇಕು. ಹಾಲಿನ ದುಡ್ಡು ಕೈಗೆ ಬರುವುದು. ಭೂಮಿಯ ಸಾರ ಹೆಚ್ಚುವವರೆಗೆ ಕಾಯಲಾರದವನೂ ಮೇವಿಗಾಗಿ ಈ ಕ್ರಮವನ್ನು ಉಳಿಸಿಕೊಳ್ಳುವನು. ಹಾಗೆಂದು ಇದು ಎಲ್ಲರಿಗೂ ಹೊಂದುವುದೆಂದು ತಿಳಿಯಬಾರದು. ಬಳ್ಳಿಯ ಬೀಜವು ತುಟ್ಟಿ. ಮೊದಲ ಕಾಲದಲ್ಲಿ ಅದು ನಿಧಾನವಾಗಿ ಏಳುವುದರಿಂದ ಕಳೆ ತೆಗೆಯುವ ಕೆಲಸ ಹೆಚ್ಚುವುದು. ಹುರುಳಿಕಾಯಿಗೆ ಇದ್ದ ಸ್ಥಳವನ್ನು ಅದು ಆಕ್ರಮಿಸುವುದು. ಇದಕ್ಕಾಗಿ ಮುಸುಕಿನ ಜೋಳದ ಗುಣಿಯಲ್ಲಿಯೇ ಹುರುಳಿಕಾಯಿಯನ್ನೂ ಬಿತ್ತುವ ಪದ್ಧತಿ ಆಮೇಲೆ ಬಂದಿತು. ಹಲವು ವರ್ಷ ನಿಲ್ಲತಕ್ಕ ಬಳ್ಳಿಯನ್ನು ವರ್ಷದ ಗುತ್ತಿಗೆಯವನು ಏಕೆ ನೆಟ್ಟಾನು? ಗೇಣಿಗೆ ಭೂಮಿ ಕೊಡುವವರು ಇದನ್ನು ಆಲೋಚಿಸಬೇಕು. ನೇಪಿಯರ್ ಹುಲ್ಲಿಗೆ ಕುಬ್ಜರೋಗವೂ ತಗಲಿತು. ಒಣ ಸೀಮೆಗಳಿಗಾಗಿ ಬ್ರಾಕಿಯೇರಿಯಾ ಹುಲ್ಲನ್ನೂ ಬರ ತಡೆಯುವ ಬೇರೊಂದು ಡೆಸ್ಮೋಡಿಯಮ್ಮನ್ನೂ ಆಮೇಲೆ ಆರಿಸಿಕೊಂಡರು. ೨೦೧೬ರಲ್ಲಿ ಆಫ್ರಿಕಾವನ್ನೂ ೨೦೧೮ರಲ್ಲಿ ನಮ್ಮ ಶಿವಮೊಗ್ಗ ಸೀಮೆಯನ್ನೂ ಹೊಕ್ಕ ಸೈನಿಕ ಹುಳುವಿನ ಹಾವಳಿಯೂ ಇಂತಹ ಹೊಲಗಳಲ್ಲಿ ಕಡಮೆಯೆಂದು ಪೂರ್ವ ಆಫ್ರಿಕಾದ ಪರೀಕ್ಷೆಗಳಿಂದ ವರದಿಯಾಗಿದೆ.

ಗ್ರಾಮದಲ್ಲಿ ಯಾವುದೇ ಕ್ರಮವನ್ನು ಪರೀಕ್ಷಿಸುವ ಮುಖಂಡರು ಅದೇ ಹೊಲದ ಒಂದು ಪಟ್ಟೆಯನ್ನು ಹಳೆಯ ಪದ್ಧತಿಯಲ್ಲಿಯೇ ಬಿಟ್ಟು, ಎರಡರ ಫಸಲನ್ನೂ ಪ್ರತ್ಯೇಕವಾಗಿ ತೂಗಿಸತಕ್ಕದ್ದು. ಯಾವ ತಿಂಗಳಲ್ಲಿ ಎಷ್ಟು ಆಳು, ಗಂಡೋ ಹೆಣ್ಣೋ ಎಂಬುದನ್ನು ಪುಸ್ತಕದಲ್ಲಿ ಬರೆಯಿಸಬೇಕು. ಬಿಟ್ಟಿ ಬೀಜವೂ ಸಹಾಯದ ಹಣವೂ ನಿಂತ ಮೂರನೆಯ ವರ್ಷದಲ್ಲಿ ಪುನಃ ಹೋಗಿ, ಮುಂದುವರಿಸಿದವರ ಹೊಲಗಳೊಡನೆ ಕೈಬಿಟ್ಟವರ ಹೊಲಗಳನ್ನೂ ನೋಡಿ, ಕಳೆ ಕಿತ್ತವರನ್ನೇ ಕಾರಣ ಕೇಳಿ ಬರೆದುಕೊಳ್ಳಬೇಕು.