ನಟ್ಟು ಕೂರುವ ಜಾಗ

ಈಗಷ್ಟೇ ಡಿಸೈನ್ ವಿಭಾಗಕ್ಕೆ ಕಾಲಿಟ್ಟಿರುವ ಮಕ್ಕಳೇ, ಗುಣಮಟ್ಟ ನೋಡಿಕೊಳ್ಳಲು ಇನ್‌ಸ್ಪೆಕ್ಷನ್‌ನವರು ಇದ್ದಾರಲ್ಲ ಎಂದು ನಿಶ್ಚಿಂತರಾಗಬೇಡಿ. ಅವರು ಅಳತೆ ನೋಡುವುದು ನೀವು ಕೊಟ್ಟ ಡ್ರಾಯಿಂಗ್ ಹಿಡಿದೇ. ಡ್ರಾಯಿಂಗ್ ತಪ್ಪಾಗಿದ್ದರೆ, ತಪ್ಪನ್ನೇ ಸರಿಯಾಗಿ ಮಾಡಿದ್ದಾರೆಂದು ಪಾಸ್ ಮಾಡುತ್ತಾರೆ.

1981ರ ಜುಲೈ 17ರ ಸಂಜೆ ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ನೃತ್ಯಕೂಟ ನಡೆದಿತ್ತು. ಹಜಾರದಲ್ಲಿ ಒಂದರ ಕೆಳಗೊಂದು ತೂಗುಬಿಟ್ಟಿದ್ದ ಎರಡು ಕಾಲುಸೇತುವೆಗಳು ಕಳಚಿ ಬಿದ್ದು 114 ಮಂದಿ ಸತ್ತರು. ಹೋಟೆಲ್ ಶುರುವಾಗಿ ಒಂದು ವರ್ಷವಷ್ಟೇ ಆಗಿತ್ತು.

ಮೂಲ ವಿನ್ಯಾಸದಂತೆ ಚಾವಣಿಯಿಂದ ಇಳಿದ ಒಂದೇ ಉಕ್ಕಿನ ಸರಳು ಎರಡೂ ಸೇತುವೆಗಳ ಮೂಲಕ ಹಾದುಹೋಗಬೇಕಿತ್ತು. ಮೇಲಿನ ಸೇತುವೆಯ ತೊಲೆಯಡಿಯಲ್ಲಿ ನಟ್ಟು ಕೂರಬೇಕಾದರೆ ಸರಳಿನ ಕೆಳತುದಿಯಿಂದ ಅಲ್ಲಿಯವರೆಗೂ ಥ್ರೆಡ್ ಇರಬೇಕು. ಅಷ್ಟುದ್ದದ ಥ್ರೆಡ್ಡಿಗೆ ಪೆಟ್ಟಾಗದಂತೆ ಸರಳನ್ನು ಮೇಲೇರಿಸುವುದು ಸುಲಭವಲ್ಲ. ಹಾಗಾಗಿ ಉಕ್ಕಿನ ಕೆಲಸದವರು ಒಂದು ಸರಳಿನ ಬದಲು ಎರಡು ಮಾಡಿದರು: ಮೇಲಿನ ಸೇತುವೆ ಚಾವಣಿಗೆ ನೇತುಬಿತ್ತು, ಕೆಳಗಿನದು ಮೇಲಿನ ಸೇತುವೆಗೇ ನೇತುಬಿತ್ತು. ಬಾವಿಯ ಹಗ್ಗವನ್ನು ಇಬ್ಬರೂ ಹಿಡಿದು ಜೋತುಬೀಳುವುದು ಬೇರೆ, ಒಬ್ಬ ಹಗ್ಗ ಹಿಡಿದು ಇನ್ನೊಬ್ಬ ಅವನ ಕಾಲು ಹಿಡಿಯುವುದು ಬೇರೆ. ಮೇಲಿನ ತೊಲೆಯಡಿಯ ನಟ್ಟಿನ ಮೇಲೆ ಭಾರ ಇಮ್ಮಡಿಯಾಯಿತು. ಯಾರೂ ಹೊಸದಾಗಿ ಲೆಕ್ಕ ಹಾಕಲಿಲ್ಲ. ಡ್ರಾಯಿಂಗಿಗೆ ಎಂಜಿನಿಯರರ ಮುದ್ರೆ ಬಿತ್ತು.

ಈ ದುರಂತದ ಮಾತು ಬಂದಾಗ ಹೆಚ್ಚಿನವರು ಆ ಬದಲಾವಣೆಯನ್ನೇ ದೂರುತ್ತಾರೆ. ನಾನು ಅಷ್ಟಕ್ಕೇ ನಿಲ್ಲಿಸಲಾರೆ. ಮೂಲ ಜೋಡಣೆಯೂ ನಗರದ ಕಟ್ಟಡ ನಿಯಮ ಕೇಳುತ್ತಿದ್ದ ಭಾರದ ಶೇ. 60ರಷ್ಟನ್ನು ಮಾತ್ರ ತಡೆಯಬಲ್ಲದಾಗಿತ್ತು ಎಂದು ತನಿಖೆಯಲ್ಲಿ ಕಂಡುಬಂತು. ಜೊತೆಗೆ, ಆ ನಟ್ಟನ್ನು ಅಲ್ಲಿಗೆ ಏರಿಸುವುದು ಹೇಗೆಂದು ಮೊದಲೇ ಯೋಚಿಸಿದ್ದರೆ ಸರಳನ್ನು ಬದಲಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಶಾಪ್ ಫ್ಲೋರಿನಿಂದ ಬದಲಾವಣೆ ಕೇಳಿ ಬಂದವರ ಮೇಲೆ ರೇಗಬೇಡಿ. ಅವರಿಗೆ ನಿಜವಾದ ತೊಂದರೆ ಇರುತ್ತದೆ. ಆದರೆ 'ಸಣ್ಣ ಬದಲಾವಣೆ ತಾನೆ' ಎಂದು ಕಣ್ಣುಮುಚ್ಚಿ ಒಪ್ಪಲೂ ಬೇಡಿ. ಭಾರ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಮೊದಲಿನಿಂದ ಲೆಕ್ಕ ಹಾಕಿ. ಅದಕ್ಕಿಂತ ಮೊದಲು, ಕಚ್ಚಾ ಸ್ಕೆಚ್ ಇರುವಾಗಲೇ ಫಿಟ್ಟರ್, ವೆಲ್ಡರ್‌ಗಳ ಹತ್ತಿರ ಹೋಗಿ. ಸ್ಪ್ಯಾನರ್ ತಿರುಗಿಸಲು ಜಾಗ ಇದೆಯೇ, ಸವೆದ ಭಾಗವನ್ನು ಬಿಚ್ಚಲು ಇಡೀ ಯಂತ್ರ ಕಳಚಬೇಕೇ ಎಂದು ಕೇಳಿ. ಆ ಹಂತದಲ್ಲಿ ತಿದ್ದಲು ಬೇಕಾದದ್ದು ಒಂದು ರಬ್ಬರ್; ಡೈ ಮಾಡಿಸಿದ ಮೇಲೆ ಲಕ್ಷಗಟ್ಟಲೆ ಹಣ.

ಈ ವಾರ ನೀವು ಸಹಿ ಹಾಕಬೇಕಿರುವ ಡ್ರಾಯಿಂಗ್ ಯಾವುದಿದ್ದರೂ ಸರಿ, ಅದನ್ನು ಜೋಡಿಸುವವರಿಗೆ ಒಮ್ಮೆ ತೋರಿಸಿ ಬಂದು ಆಮೇಲೆ ಪೆನ್ನು ತೆಗೆಯಿರಿ.