ಸೇನೆ ವಿಲೇವಾರಿ ಮಾಡಿದ ಟ್ರಕ್ಕುಗಳು: ಒಡೆತನ ಮತ್ತು ಬಳಕೆ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದ ಸೈನಿಕ ವಾಹನಗಳು ಹರಾಜಿನ ಮೂಲಕ ನಾಗರಿಕರ ಕೈಸೇರಿದವು. ಜನರು ಅವುಗಳನ್ನು 'ಮಿಲಿಟರಿ ಡಿಸ್ಪೋಸಲ್' ಗಾಡಿಗಳೆಂದು ಕರೆದರು. ಕೊಡಗು ಮತ್ತು ಮಲೆನಾಡಿನ ತೋಟಗಳಲ್ಲಿ, ಮರದ ದಿಮ್ಮಿ ಸಾಗಿಸುವ ಕಾಡುದಾರಿಗಳಲ್ಲಿ ಅವು ಬಹುಕಾಲ ದುಡಿದವು. ಹೆಸರು ಇಂದಿಗೂ ಉಳಿದಿದೆ, ವಾಹನಗಳು ಬದಲಾಗಿವೆ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯ ಮೇರೆಗೆ ಜಬಲಪುರದ ರಕ್ಷಣಾ ಕಾರ್ಖಾನೆಗಳಲ್ಲಿ ತಯಾರಾದ ಶಕ್ತಿಮಾನ್, ನಿಸ್ಸಾನ್ ವಿನ್ಯಾಸದ ಒಂದು ಟನ್ನಿನ ಟ್ರಕ್ಕು, ಅನಂತರದ ಅಶೋಕ್ ಲೇಲ್ಯಾಂಡ್ ಸ್ಟಾಲಿಯನ್ ಇವುಗಳಲ್ಲಿ ಮುಖ್ಯವಾದವು. ಗಟ್ಟಿ ಚಾಸಿಸ್, ಎಲ್ಲ ಗಾಲಿಗಳಿಗೂ ಚಾಲನೆ, ಕಡಿಮೆ ಬೆಲೆ ಇವು ಕೊಳ್ಳುವವರನ್ನು ಸೆಳೆಯುತ್ತವೆ. ಆದರೆ ಹರಾಜಿನಲ್ಲಿ ಕೊಂಡ ಮಾತ್ರಕ್ಕೆ ಟ್ರಕ್ಕನ್ನು ರಸ್ತೆಗೆ ಇಳಿಸುವ ಹಕ್ಕು ದೊರೆಯುವುದಿಲ್ಲವೆಂಬ ಸಂಗತಿ ಅನೇಕರಿಗೆ ಹಣ ಕೊಟ್ಟ ಮೇಲೆಯೇ ತಿಳಿಯುತ್ತದೆ.

ಸೇನಾ ವಾಹನದ ಫಲಕದಲ್ಲಿ ಮೇಲ್ಮುಖವಾದ ಬಾಣದ ಗುರುತೂ ಅದರ ಮುಂದೆ ವರ್ಷ ಸೂಚಿಸುವ ಎರಡು ಅಂಕಿಗಳೂ ಇರುತ್ತವೆ. 1988ರ ಮೋಟಾರು ವಾಹನಗಳ ಅಧಿನಿಯಮದ 60ನೆಯ ಪ್ರಕರಣದ ಮೇರೆಗೆ ಕೊಟ್ಟ ಈ ಸಂಖ್ಯೆ ರಕ್ಷಣಾ ಬಳಕೆಗೆ ಮಾತ್ರ ಸಲ್ಲುತ್ತದೆ. ಆ ಬಳಕೆ ಮುಗಿದೊಡನೆ ವಾಹನವನ್ನು ಸಾಮಾನ್ಯ ವಾಹನದಂತೆ ಹೊಸದಾಗಿ ನೋಂದಾಯಿಸತಕ್ಕದ್ದು. ಅದಕ್ಕಾಗಿ ಸಂಬಂಧಪಟ್ಟ ಅಧಿಕಾರಿಗಳು ನಮೂನೆ 21ರಲ್ಲಿ ನೀಡಿದ ಮೂಲ ಮಾರಾಟ ಪ್ರಮಾಣಪತ್ರವನ್ನು ಅರ್ಜಿಯೊಡನೆ ಲಗತ್ತಿಸಬೇಕೆಂದು 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳು ವಿಧಿಸುತ್ತವೆ. ನೆರಳಚ್ಚು ಪ್ರತಿ ಸಾಲದು. ಗುಜರಿ ವ್ಯಾಪಾರಿಯಿಂದ ಎರಡನೆಯ ಕೈಯಾಗಿ ಕೊಳ್ಳುವವರು ಆ ಮೂಲಪತ್ರ ಯಾರ ಹೆಸರಿನಲ್ಲಿದೆ, ಅದರಲ್ಲಿನ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ವಾಹನದ ಮೇಲೆ ಕೊರೆದ ಸಂಖ್ಯೆಗಳೊಡನೆ ತಾಳೆಯಾಗುತ್ತವೆಯೇ ಎಂಬುದನ್ನು ಸ್ವತಃ ನೋಡುವುದು ಅವಶ್ಯ. ವ್ಯಾಪಾರಿಯ ಬಾಯಿಮಾತು ನೋಂದಣಿ ಕಚೇರಿಯಲ್ಲಿ ನಡೆಯದು.

ವಿಲೇವಾರಿಯ ಕೆಲಸದಲ್ಲಿ ಎಂಎಸ್‌ಟಿಸಿ ಎಂಬ ಕೇಂದ್ರ ಸರ್ಕಾರಿ ಉದ್ದಿಮೆಯ ಇ-ಹರಾಜುಗಳು ಬಳಕೆಯಲ್ಲಿವೆ. ಮುಂಗಡ ಠೇವಣಿ ಇಟ್ಟು ಕೂಗಬೇಕು. ವಸ್ತು 'ಇದ್ದಲ್ಲಿ, ಇದ್ದಂತೆ' ಮಾರಾಟವಾಗುತ್ತದೆ. ಅಂದರೆ ತರುವಾಯ ಕಂಡ ದೋಷಕ್ಕೆ ಮಾರಿದವರು ಹೊಣೆಯಲ್ಲ. ಹರಾಜಿನ ಪಟ್ಟಿಯಲ್ಲಿ ಲಾಟನ್ನು ವಾಹನವೆಂದು ಕಾಣಿಸಿದ್ದಾರೆಯೇ, ಗುಜರಿಯೆಂದು ಕಾಣಿಸಿದ್ದಾರೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ಓದಬೇಕು. ಗುಜರಿಯೆಂದು ಮಾರಿದ ಟ್ರಕ್ಕು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಕೊಂಡವನಿಗೆ ಅದು ಕಬ್ಬಿಣವೇ ಸರಿ.

ತಪಾಸಣೆಗೆ ಗೊತ್ತುಪಡಿಸಿದ ದಿನ ನುರಿತ ಮೆಕ್ಯಾನಿಕನೊಬ್ಬನನ್ನು ಕರೆದೊಯ್ಯುವುದು ಲೇಸು. ಸೇನಾ ಟ್ರಕ್ಕು ಓಡಿದ ದೂರ ಕಡಿಮೆಯಿರಬಹುದು. ನಿಂತ ಕಾಲ ಹೆಚ್ಚಿರಬಹುದು. ನಿಂತ ಗಾಡಿಯಲ್ಲಿ ಟೈರುಗಳ ರಬ್ಬರು ಬಿರಿಯುತ್ತದೆ, ಆಯಿಲ್ ಸೀಲುಗಳು ಒಣಗುತ್ತವೆ, ಇಂಧನದ ಟ್ಯಾಂಕಿನೊಳಗೆ ತುಕ್ಕು ಕೂರುತ್ತದೆ. ಮೀಟರಿನ ಅಂಕಿಯನ್ನೇ ನಂಬಿದವರು ಇವನ್ನು ಗಮನಿಸುವುದಿಲ್ಲ. ಶಕ್ತಿಮಾನ್‌ನ ತಯಾರಿಕೆ ನಿಂತು ದಶಕಗಳೇ ಕಳೆದಿರುವುದರಿಂದ ಬಿಡಿಭಾಗಗಳ ಶೋಧವೂ ಖರ್ಚಿನ ಲೆಕ್ಕಕ್ಕೆ ಸೇರಬೇಕು.

ಸೇನೆಯ ಹಸಿರು ಬಣ್ಣವನ್ನು ಉಳಿಸಿಕೊಳ್ಳುವ ಆಸೆ ಕೆಲವರಿಗಿರುತ್ತದೆ. ರಕ್ಷಣಾ ಇಲಾಖೆಯ ವಾಹನಗಳಲ್ಲದೆ ಬೇರೆ ಯಾವುದಕ್ಕೂ ಆಲಿವ್ ಹಸಿರು ಬಣ್ಣ ಬಳಿಯಕೂಡದೆಂದು 121ನೆಯ ನಿಯಮ ಹೇಳುತ್ತದೆ. ಆದುದರಿಂದ ಬಣ್ಣ ಬದಲಿಸಿಯೇ ನೋಂದಣಿಗೆ ಒಯ್ಯತಕ್ಕದ್ದು.

ಮುಂಬೈ ಅಥವಾ ಪುಣೆಯಲ್ಲಿ ನೆಲೆಸಿದವರು ಊರಿನ ತೋಟಕ್ಕೆಂದು ಇಂತಹ ಟ್ರಕ್ಕನ್ನು ಕೊಳ್ಳುವುದುಂಟು. ತೋಟದೊಳಗೆ ಮಾತ್ರ ಓಡಿಸುವುದಾದರೆ ನೋಂದಣಿ ಬೇಡವೆಂಬ ತಿಳಿವಳಿಕೆ ತಪ್ಪು. 39ನೆಯ ಪ್ರಕರಣವು ಸಾರ್ವಜನಿಕ ಸ್ಥಳವನ್ನಷ್ಟೇ ಅಲ್ಲದೆ 'ಬೇರಾವುದೇ ಸ್ಥಳ'ವನ್ನೂ ಹೆಸರಿಸಿದೆ. ಮಹಾರಾಷ್ಟ್ರದಲ್ಲಿ ನೋಂದಾಯಿಸಿದ ವಾಹನವನ್ನು ಕರ್ನಾಟಕದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಡುವುದಾದರೆ ಅಲ್ಲಿನ ಹೊಸ ಸಂಖ್ಯೆ ಪಡೆಯಬೇಕು. ಅದಕ್ಕೆ ಮೊದಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ದೆಹಲಿಯಲ್ಲಿ ಹಳೆಯ ಡೀಸೆಲ್ ವಾಹನಗಳ ಬಗೆಗೆ 2015ರಿಂದ ನ್ಯಾಯಾಲಯಗಳ ಆದೇಶಗಳು ಹಲವು ಬಾರಿ ಬಂದಿರುವುದರಿಂದ, ಅಲ್ಲಿಯವರು ಕೂಗುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.