ಮನಸ್ಸು ಸರಿಹೋಗಲೆಂದು ಕಾಯುತ್ತಿದ್ದೀರಾ?

"ಮನಸ್ಸು ಸರಿಹೋಗಲಿ, ಆಮೇಲೆ ಎಲ್ಲ ಮಾಡ್ತೀನಿ." ಖಿನ್ನತೆಗೆ ಸಿಲುಕಿದ್ದ ನಮ್ಮ ಚಿಕ್ಕಮ್ಮ ಆರು ತಿಂಗಳು ಹೇಳುತ್ತಿದ್ದುದು ಇದೊಂದೇ ಮಾತು. ಹಿತ್ತಿಲ ಮಲ್ಲಿಗೆ ಬಳ್ಳಿ ಒಣಗಿ ಕಡ್ಡಿಯಾಗಿತ್ತು. ತಂಗಿ ಫೋನ್ ಮಾಡಿದರೂ ಎತ್ತುತ್ತಿರಲಿಲ್ಲ. ಆಪ್ತಸಮಾಲೋಚಕಿ ಅವರ ಕಷ್ಟವನ್ನೆಲ್ಲ ಕೇಳಿಸಿಕೊಂಡು ಕೊನೆಗೆ ಕೇಳಿದರು: "ಈ ಬೇಜಾರು ಶುರುವಾಗೋ ಮುಂಚೆ ಏನು ಮಾಡದಿದ್ರೆ ನಿಮಗೆ ದಿನ ಕಳೀತಿರಲಿಲ್ಲ?" ಚಿಕ್ಕಮ್ಮ ಬಹಳ ಹೊತ್ತು ಸುಮ್ಮನಿದ್ದು, "ಗಿಡಗಳನ್ನ ನೋಡ್ಕೊಳ್ಳೋದು" ಎಂದರು.

ಖಿನ್ನತೆ, ಆತಂಕ ನಮ್ಮಿಂದ ಕಿತ್ತುಕೊಳ್ಳುವುದು ನಮಗೆ ಬೆಲೆಯುಳ್ಳದ್ದನ್ನೇ. ಎದೆ ಡವಗುಟ್ಟುತ್ತದೆಂದು ನೆಂಟರ ಮದುವೆಗೆ ಹೋಗದೆ ಉಳಿದರೆ ಅಂದಿಗೆ ಹಾಯೆನಿಸುತ್ತದೆ, ಆದರೆ ಬದುಕು ಕಿರಿದಾಗುತ್ತ ಹೋಗುತ್ತದೆ. ಸ್ವತಃ ಪ್ಯಾನಿಕ್ ಅಟ್ಯಾಕ್‌ಗಳಿಂದ ನರಳಿದ ಅಮೆರಿಕದ ಮನೋವಿಜ್ಞಾನಿ ಸ್ಟೀವನ್ ಹೇಯ್ಸ್ 1980ರ ದಶಕದಲ್ಲಿ ರೂಪಿಸತೊಡಗಿದ 'ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ' ಹೇಳುವುದು ಇಷ್ಟು: ನೋವು ಪೂರ್ತಿ ಹೋಗಲೆಂದು ಕಾಯಬೇಡಿ, ಅದು ಇರುವಾಗಲೇ ನಿಮ್ಮ ಮೌಲ್ಯದ ಕಡೆಗೆ ಒಂದು ಹೆಜ್ಜೆ ಇಡಿ.

ಆ ಮೌಲ್ಯ ಯಾವುದೆಂದು ತಿಳಿಯಲು ಮೊದಲು ಬರೆಯಿರಿ. ಒಂದು ಹಾಳೆಯಲ್ಲಿ ನಾಲ್ಕು ಭಾಗ ಮಾಡಿ: ಸಂಬಂಧ, ಕೆಲಸ ಅಥವಾ ಓದು, ಆರೋಗ್ಯ, ಬಿಡುವು. ಪ್ರತಿಯೊಂದರಲ್ಲೂ ನೀವು ಎಂಥವರಾಗಿ ಇರಲು ಬಯಸುತ್ತೀರಿ ಎಂದು ಬರೆಯಿರಿ. 'ಮಗನಿಗೆ ಎಂಜಿನಿಯರಿಂಗ್ ಸೀಟು' ಎನ್ನುವುದು ಗುರಿ, ಕೈತಪ್ಪಬಹುದು. 'ಮಗನ ಮಾತಿಗೆ ಕಿವಿಗೊಡುವ ಅಪ್ಪ' ಎನ್ನುವುದು ಮೌಲ್ಯ, ಇವತ್ತು ಸಂಜೆಯೇ ಹಾಗಿರಬಹುದು.

ಆಮೇಲೆ ಜರಡಿ ಹಿಡಿಯಿರಿ. ನಮ್ಮವರಿಗೆ ತೀರಾ ಕಷ್ಟವಾಗುವುದು ಇದೇ. ಬರೆದದ್ದರಲ್ಲಿ ಅರ್ಧ 'ನಾಲ್ಕು ಜನ ಏನಂತಾರೆ' ಎಂಬ ಭಯದಿಂದ ಬಂದಿರುತ್ತದೆ. ಚಿಕ್ಕಮ್ಮನ ಹಾಳೆಯ ಮೊದಲ ಸಾಲು 'ಯಾರಿಗೂ ಬೇಸರವಾಗದಂತೆ ನಡೆದುಕೊಳ್ಳಬೇಕು' ಎಂದಿತ್ತು. ಯಾರೂ ನೋಡದಿದ್ದರೂ, ಯಾರೂ ಹೊಗಳದಿದ್ದರೂ ಇದು ನನಗೆ ಬೇಕೇ? ಪ್ರತಿ ಸಾಲಿಗೂ ಈ ಪ್ರಶ್ನೆ ಕೇಳಿ. ಚಿಕ್ಕಮ್ಮನಿಗೆ ಆ ಸಾಲನ್ನು ಹೊಡೆದುಹಾಕಲು ಎರಡು ವಾರ ಹಿಡಿಯಿತು. ಬೇರೆಯವರ ಅಪೇಕ್ಷೆಯನ್ನೇ ನಮ್ಮ ಮೌಲ್ಯವೆಂದು ಹೊತ್ತರೆ ಅದು ಮನಸ್ಸನ್ನು ಇನ್ನಷ್ಟು ಕುಗ್ಗಿಸುತ್ತದೆ ಎಂದೇ ನನ್ನ ನಂಬಿಕೆ.

ಅಂಕ ಕೊಡಿ. ಉಳಿದ ಪ್ರತಿ ಸಾಲು ನಿಮಗೆಷ್ಟು ಮುಖ್ಯ, ಕಳೆದ ವಾರ ಅದರಂತೆ ಎಷ್ಟು ಬದುಕಿದಿರಿ? ಎರಡಕ್ಕೂ 10ಕ್ಕೆ ಇಷ್ಟೆಂದು ಅಂಕ ಹಾಕಿ. ಅಂತರ ಹೆಚ್ಚಿರುವುದನ್ನು ಆರಿಸಿಕೊಳ್ಳಿ. ಅಂತರ ಕಂಡು ನಿಮ್ಮನ್ನೇ ಬೈದುಕೊಳ್ಳಬೇಡಿ, ಅದು ಕಾಯಿಲೆ ಮಾಡಿದ ಕೆಲಸ.

ಆರಿಸಿಕೊಂಡ ಮೌಲ್ಯಕ್ಕಾಗಿ ಐದು ನಿಮಿಷದ ಕೆಲಸವೊಂದನ್ನು ಗೊತ್ತುಮಾಡಿ. ಯಾವಾಗ, ಎಲ್ಲಿ ಎಂಬುದೂ ನಿಗದಿಯಾಗಿರಲಿ. ಚಿಕ್ಕಮ್ಮನದು ಬೆಳಗಿನ ಕಾಫಿಯಾದ ಕೂಡಲೇ ಒಂದು ಚೊಂಬು ನೀರು, ಒಂದೇ ಗಿಡಕ್ಕೆ. ಕೆಲವು ದಿನ ಅಳುತ್ತಲೇ ಹಾಕಿದರು. ತಪ್ಪಿದ ದಿನದ ಲೆಕ್ಕ ಇಡಲಿಲ್ಲ, ಮರುದಿನ ಮತ್ತೆ ಚೊಂಬು ಹಿಡಿದರು.

ಇದು ಔಷಧಿಗೆ ಬದಲಿ ಅಲ್ಲ. ಚಿಕ್ಕಮ್ಮ ಮಾತ್ರೆಯನ್ನೂ ನುಂಗುತ್ತಿದ್ದರು. ಮನೋವೈದ್ಯರನ್ನು ಕೇಳದೆ ನೀವೂ ನಿಲ್ಲಿಸಬೇಡಿ. ಬದುಕೇ ಬೇಡ ಎನಿಸುತ್ತಿದ್ದರೆ ಹಾಳೆ, ಪೆನ್ನು ಪಕ್ಕಕ್ಕಿಟ್ಟು ಮನೆಯವರಿಗೆ ಹೇಳಿ, ಈಗಲೇ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ; ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.